ಈ ವರ್ಷ ನಾನು ಬಿಳಿ ಹಚ್ಚುವುದಿಲ್ಲ

ಬೀದರ, ಕಲಬುರಗಿ, ಯಾದಗಿರಿ ಜಿಲ್ಲೆಗಳ ಶಾಲೆಗಳಲ್ಲಿ ಗ್ಯಾದರಿಂಗ್ ನಡೆಸುವ ಮುಖ್ಯ ಗುರುಗಳಿಗೆ, ಮಕ್ಕಳಿಗೆ ನಾಟಕ ಕಲಿಸುವ ಟೀಚರುಗಳಿಗೆ, ಪ್ರತಿಭಾ ಕಾರಂಜಿಯ ನಿರ್ಣಾಯಕರಿಗೆ, ಮುಂದಿನ ಸಾಲಿನಲ್ಲಿ ಮೊಬೈಲ್ ಹಿಡಿದು ಕೂಡುವ ತಾಯಿ ತಂದೆಗಳಿಗೆ, ಶರಣು.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ಬೀದರದ ಹಳೇ ಊರಿನೊಳಗೆ ನನ್ನದೊಂದು ಸಣ್ಣ ಅಂಗಡಿ. ನಾಟಕದ ಡ್ರೆಸ್ ಬಾಡಿಗೆಗೆ ಕೊಡುವುದು, ಇಲ್ಲದ್ದನ್ನು ಹೊಲಿದು ಕೊಡುವುದು, ಕಾರ್ಯಕ್ರಮದ ದಿನ ಹೋಗಿ ಮಕ್ಕಳಿಗೆ ಬಣ್ಣ ಹಚ್ಚುವುದು ನನ್ನ ಕಸುಬು. ಇಪ್ಪತ್ತೆರಡು ವರ್ಷ ಆಯಿತು. ಡಿಸೆಂಬರ್ ಹಿಡಿದು ಫೆಬ್ರುವರಿ ತನಕ ನಮ್ಮ ಸೀಜನ್. ಟ್ರಂಕಿನೊಳಗೆ ಕಿರೀಟ, ಗದೆ, ರೆಕ್ಕೆ, ಗಡ್ಡ, ಜಡೆ ಎಲ್ಲ ತುಂಬಿ ಟಂಟಂಗೆ ಹೇರಿಕೊಂಡು ಔರಾದ, ಭಾಲ್ಕಿ, ಹುಮನಾಬಾದ, ಆ ಕಡೆ ಚಿಂಚೋಳಿಯವರೆಗೂ ಹೋಗುತ್ತೇನೆ. ದಿನಕ್ಕೆ ಅರವತ್ತು ಎಂಬತ್ತು ಮುಖ ನನ್ನ ಕೈಯೊಳಗಿಂದ ಹಾದು ಹೋಗುತ್ತವೆ. ನಿಮ್ಮಲ್ಲಿ ಎಷ್ಟೋ ಮಂದಿಯ ಮಕ್ಕಳ ಗಲ್ಲವನ್ನು ನಾನು ಎರಡು ಬೆರಳಲ್ಲಿ ಹಿಡಿದು ಮೇಲೆತ್ತಿದ್ದೇನೆ. ಆ ಪರಿಚಯದ ಮೇಲೆ ಈ ಪತ್ರ.

ಕೆಲವು ವರ್ಷಗಳ ಹಿಂದಿನ ಮಾತು. ಯಾವ ಊರು, ಯಾವ ಶಾಲೆ ಎಂದು ಹೇಳುವುದಿಲ್ಲ. ಹೇಳಿದರೆ ಅದೊಂದೇ ಶಾಲೆಯ ತಪ್ಪು ಅನ್ನಿಸಿಬಿಡುತ್ತದೆ. ಐದನೇ ಇಯತ್ತೆಯ ಮಕ್ಕಳು ಸ್ನೋ ವೈಟ್ ನಾಟಕ ಮಾಡುವವರಿದ್ದರು. ರಟ್ಟಿನ ಮೇಲೆ ಬೆಳ್ಳಿ ಬಣ್ಣದ ಹಾಳೆ ಅಂಟಿಸಿ ಆಳೆತ್ತರದ ಕನ್ನಡಿ ಮಾಡಿದ್ದರು. ಅದರ ಹಿಂದೆ ಒಂದು ಹುಡುಗಿ ನಿಂತು ಕನ್ನಡಿಯ ಮಾತು ಹೇಳಬೇಕು. ಹುಡುಗಿ ಕರ್ರಗಿದ್ದಳು. ಅವ್ವನ ಜೊತೆ ತೊಗರಿ ಕೊಯ್ಯಲು ಹೋಗಿ ಬಂದ ಬಿಸಿಲು ಬೇರೆ ಮುಖದ ಮೇಲೆ ಕೂತಿತ್ತು. ದನಿ ಮಾತ್ರ ಗುಡಿಯ ಗಂಟೆಯಂಥದ್ದು. ರಿಹರ್ಸಲ್‌ನಲ್ಲಿ ರಾಜಕುಮಾರಿಯಾದ ಹುಡುಗಿ ಮಾತು ಮರೆತಾಗೆಲ್ಲ ಈಕೆ ರಟ್ಟಿನ ಹಿಂದಿನಿಂದ ಎತ್ತಿಕೊಡುತ್ತಿದ್ದಳು. ರಾಣಿಯ ಮಾತು, ಬೇಟೆಗಾರನ ಮಾತು, ಏಳು ಕುಳ್ಳರ ಮಾತು, ಎಲ್ಲ ಬಾಯಿಪಾಠ. ನಾನು ಟೀಚರನ್ನು ಕೇಳಿದೆ: "ಈಕಿನ್ನೇ ರಾಜಕುಮಾರಿ ಮಾಡಬಹುದಿತ್ತಲ್ರೀ?" ಅವರು ಕೆಟ್ಟವರಲ್ಲ, ಮಕ್ಕಳ ಮೇಲೆ ಜೀವ ಇಟ್ಟವರು. ಸಹಜವಾಗಿಯೇ ಹೇಳಿದರು: "ದನಿ ಚಂದ ಅದರೀ ಅಕಿಂದು, ಅದಕ್ಕೇ ಕನ್ನಡಿ ಕೊಟ್ಟೀವಿ. ಸ್ನೋ ವೈಟ್ ಅಂದ್ಮ್ಯಾಲ ಬೆಳ್ಳಗ ಇರಬೇಕಲ್ರೀ."

ಸಂಜೆ ಬಣ್ಣ ಹಚ್ಚಿಸಿಕೊಳ್ಳುವ ಸಾಲಿನಲ್ಲಿ ಅವಳೂ ಬಂದು ನಿಂತಳು.

"ನೀ ಹಿಂದ ನಿಲ್ಲಾಕಿ ಅಲ್ಲೇನವ್ವ, ನಿನಗ್ಯಾಕ ಬಣ್ಣ?" ಅಂದೆ.

"ಹಚ್ಚರಿ ಮೌಶಿ."

"ಯಾರಿಗೂ ಕಾಣಂಗಿಲ್ಲಲ್ಲವ್ವ."

"ಕಾಣಲಿಲ್ಲಂದ್ರೂ ಹಚ್ಚರಿ. ಬೆಳ್ಳಗ ಹಚ್ಚರಿ."

ನಾನು ಹಚ್ಚಿದೆ. ಜಿಂಕ್ ಪೌಡರನ್ನು ಅಂಗೈಯಲ್ಲಿ ಎಣ್ಣೆಗೆ ಕಲಸಿ, ಹಣೆಗೆ, ಮೂಗಿಗೆ, ಗಲ್ಲಕ್ಕೆ ಬಳಿದೆ. ಕುತ್ತಿಗೆಗೆ ಬರುವ ಹೊತ್ತಿಗೆ ಬಣ್ಣ ಮುಗಿದು, ದವಡೆಯ ಕೆಳಗೆ ಗೆರೆ ಎಳೆದ ಹಾಗೆ ಬಿಳಿ ನಿಂತುಬಿಟ್ಟಿತು. ಅವಳು ನನ್ನ ಕೈಗನ್ನಡಿ ಇಸಿದುಕೊಂಡು ನೋಡಿಕೊಂಡಳು, ಏನೂ ಅನ್ನಲಿಲ್ಲ. ಆಮೇಲೆ ಕತ್ತಲಲ್ಲಿ, ರಟ್ಟಿನ ಹಿಂದೆ, ರಾಣಿ ಕೇಳಿದಾಗೆಲ್ಲ "ನಾಡಿನೊಳಗ ಎಲ್ಲರಿಗಿಂತ ಚೆಲುವಿ ಸ್ನೋ ವೈಟ್" ಎಂದು ಸ್ಪಷ್ಟವಾಗಿ ಹೇಳಿದಳು. ನಾಟಕ ಮುಗಿದ ಮೇಲೆ ನಾನು ಟ್ರಂಕು ಕಟ್ಟುವಾಗ ನೋಡಿದರೆ, ನಳದ ಹತ್ತಿರ ಕೂತು ಬಟ್ಟೆ ಸಾಬೂನಿನಿಂದ ಮುಖ ತಿಕ್ಕುತ್ತಿದ್ದಳು. ಬಿಳಿ ಎಲ್ಲ ಹೋಗಿತ್ತು. ಆದರೂ ತಿಕ್ಕುತ್ತಲೇ ಇದ್ದಳು.

ಆ ರಾತ್ರಿ ಮನೆಗೆ ಬಂದು ಮಲಗಿದರೆ ನಿದ್ದೆ ಬರಲಿಲ್ಲ. ಆ ಟೀಚರ್ ಹೇಳಿದ ಮಾತು ಖರೇನಾ? ಸ್ನೋ ವೈಟ್ ಅಂದಮೇಲೆ ಬೆಳ್ಳಗೆ ಇರಲೇಬೇಕಾ? ಬಟ್ಟೆ ಹೊಲಿಯುವ ಮುಂಚೆ ಕತೆ ಓದುವ ರೂಢಿ ನನಗೆ ಮೊದಲಿಂದಲೂ ಇದೆ. ಅಂದಿನಿಂದ ಇನ್ನಷ್ಟು ಹುಡುಕಿ ಓದಿದೆ. ಓದಿ ತಿಳಿದದ್ದನ್ನು ನಿಮ್ಮ ಮುಂದೆ ಇಡುತ್ತೇನೆ. ಯಾಕೆಂದರೆ ಪ್ರತಿ ವರ್ಷ ನಿಮ್ಮ ಕೈಯಲ್ಲಿರುವುದು ಬಹಳ ಸಲ ಕತೆಯಲ್ಲ, ಸಿನಿಮಾದ ಚಿತ್ರ.

ಡ್ರೆಸ್ಸಿನಿಂದಲೇ ಶುರು ಮಾಡುತ್ತೇನೆ, ಅದು ನನ್ನ ಕೆಲಸ. ಸ್ನೋ ವೈಟ್ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ: ನೀಲಿ ಕುಪ್ಪಸ, ಉಬ್ಬಿದ ತೋಳು, ಹಳದಿ ಲಂಗ, ತಲೆಗೆ ಕೆಂಪು ರಿಬ್ಬನ್. ನಾನು ಹಸಿರು ಲಂಗ ತೋರಿಸಿದರೆ "ಇದು ಸ್ನೋ ವೈಟ್ ಅಲ್ಲ" ಅನ್ನುತ್ತಾರೆ. ಈ ಉಡುಪು 1937ರ ಡಿಸ್ನಿ ಸಿನಿಮಾದ್ದು. ಜರ್ಮನಿಯ ಗ್ರಿಮ್ ಅಣ್ಣತಮ್ಮಂದಿರು ಈ ಕತೆಯನ್ನು ಅಚ್ಚು ಹಾಕಿಸಿದ್ದು 1812ರಲ್ಲಿ. ಅವರ ಕತೆಯಲ್ಲಿ ಆ ಹಳದಿ ಲಂಗ ಎಲ್ಲಿಯೂ ಇಲ್ಲ. ಕೊನೆಗೆ ರಾಜಕುಮಾರ ಮುತ್ತು ಕೊಟ್ಟು ಎಬ್ಬಿಸುವುದೂ ಇಲ್ಲ; ಶವಪೆಟ್ಟಿಗೆ ಹೊತ್ತವರು ಎಡವಿದಾಗ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಸೇಬಿನ ತುಂಡು ಹೊರಗೆ ಬೀಳುತ್ತದೆ, ಹುಡುಗಿ ಕಣ್ಣು ತೆರೆಯುತ್ತಾಳೆ. ಕನ್ನಡಿ ಮೊದಲ ಸಲ ಅವಳ ಹೆಸರು ಹೇಳಿದಾಗ ಆ ಹುಡುಗಿಗೆ ಏಳು ವರ್ಷ. ಏಳು! ನಮ್ಮ ಎರಡನೇ ಇಯತ್ತೆಯ ಕೂಸು. ಕೇಳುವವರ ತಲೆಯೊಳಗೆ ಬೇಕಾದ ಬಣ್ಣದಲ್ಲಿ ಮೂಡಲಿ ಅಂತ ಕತೆ ಎಷ್ಟೋ ವಿಷಯ ಹೇಳದೆ ಬಿಟ್ಟಿರುತ್ತದೆ. ಸಿನಿಮಾ ಹಾಗೆ ಬಿಡಲು ಆಗುವುದಿಲ್ಲ. ಅದು ಒಂದು ಮುಖ ತೋರಿಸಲೇಬೇಕು. ತೋರಿಸಿದ ಮೇಲೆ ಆ ಒಂದೇ ಮುಖ ಎಂಬತ್ತು ವರ್ಷ ದಾಟಿ ಭಾಲ್ಕಿಯ ಶಾಲೆಯ ಸ್ಟೇಜಿನ ತನಕ ಬಂದು ಕೂತುಬಿಡುತ್ತದೆ.

ಆದರೂ ಟೀಚರ್ ಹೇಳಿದ್ದರಲ್ಲಿ ಅರ್ಧ ಖರೇ ಇದೆ, ಅದನ್ನು ನಾನು ಮುಚ್ಚಿಡಲಾರೆ. ಗ್ರಿಮ್ ಕತೆಯಲ್ಲಿ ಹುಡುಗಿ ಹಿಮದಷ್ಟು ಬೆಳ್ಳಗೆ ಎಂದೇ ಇದೆ. ಅದು ಹೇಗೆ ಬಂತು ನೋಡಿ. ಚಳಿಗಾಲ. ರಾಣಿ ಕಿಟಕಿಯ ಪಕ್ಕ ಕೂತು ಹೊಲಿಯುತ್ತಿದ್ದಾಳೆ. ಕಿಟಕಿಯ ಚೌಕಟ್ಟು ಕರಿಮರದ್ದು. ಸೂಜಿ ಚುಚ್ಚಿ ಮೂರು ಹನಿ ರಕ್ತ ಹೊರಗಿನ ಹಿಮದ ಮೇಲೆ ಬೀಳುತ್ತದೆ. ಕರಿ ಮರ, ಬಿಳಿ ಹಿಮ, ಕೆಂಪು ರಕ್ತ, ಮೂರೂ ಒಟ್ಟಿಗೆ ಅಷ್ಟು ಚಂದ ಕಂಡಿತು. ಇಂಥದೊಂದು ಕೂಸು ನನಗೆ ಬೇಕು ಅಂದುಕೊಂಡಳು. ನಾನೂ ಸೂಜಿ ಹಿಡಿಯುವವಳು, ಬೆರಳು ಚುಚ್ಚಿಸಿಕೊಂಡವಳು, ಈ ಜಾಗ ಓದುವಾಗ ಮನಸ್ಸು ತುಂಬಿ ಬಂತು. ಆ ತಾಯಿ ತನ್ನ ಕಿಟಕಿಯೊಳಗೆ ಕಂಡದ್ದನ್ನು ಬೇಡಿದಳು. ಬೇಡಿದ ಮೂರರಲ್ಲಿ ಕಪ್ಪೂ ಒಂದು. ನಮ್ಮ ಕಿಟಕಿಯಲ್ಲಿ ಕೂತ ತಾಯಿಗೆ ಹಿಮ ಎಲ್ಲಿಂದ ಕಾಣಬೇಕು? ಬೀದರದವಳಿಗೆ ಕೋಟೆಯ ಕೆಂಪು ಕಲ್ಲು ಕಾಣುತ್ತದೆ, ಕಲಬುರಗಿಯವಳಿಗೆ ಮಳೆ ಬಿದ್ದು ಎಣ್ಣೆ ಸವರಿದ ಹಾಗೆ ಹೊಳೆಯುವ ಎರೆಭೂಮಿ ಕಾಣುತ್ತದೆ, ಅದರ ಮೇಲೆ ತೊಗರಿಯ ಹಳದಿ ಹೂವು. ಎರೆಮಣ್ಣಿನಷ್ಟು ಕಪ್ಪು, ತೊಗರಿ ಹೂವಿನಷ್ಟು ನಗುಮುಖ ಎಂದು ನಮ್ಮ ತಾಯಿ ಬೇಡಿಕೊಂಡರೆ ಕತೆಗೆ ಏನು ಕಡಿಮೆ ಆಗುತ್ತದೆ?

1812ರ ಆ ಮೊದಲ ಅಚ್ಚಿನಲ್ಲಿ ಮಗಳನ್ನು ಕೊಲ್ಲಿಸಲು ಕಳಿಸುವವಳು ಮಲತಾಯಿ ಅಲ್ಲ, ಹೆತ್ತ ತಾಯಿಯೇ. ಕಿಟಕಿಯಲ್ಲಿ ಕೂತು ಬೇಡಿದಳಲ್ಲ, ಅವಳೇ. ಮುಂದೆ 1819ರ ಅಚ್ಚಿನಲ್ಲಿ ಗ್ರಿಮ್ ಸಹೋದರರು ಅದನ್ನು ಮಲತಾಯಿ ಎಂದು ತಿದ್ದಿದರು. ತಾಯಂದಿರು ಇದನ್ನು ಒಂದು ಗಳಿಗೆ ಮನಸ್ಸಿಗೆ ತಗೊಳ್ಳಬೇಕು ಅಂತ ನನ್ನ ಕೋರಿಕೆ. ಬಿಸಿಲಿಗೆ ಹೋಗಬೇಡ ಕರ್ರಗಾಗ್ತಿ, ಅರಿಶಿನ ಹಚ್ಚಿಕೋ, ಕಡ್ಲಿಹಿಟ್ಟು ಹಚ್ಚಿಕೋ ಎಂದು ಕನ್ನಡಿಯ ಮುಂದೆ ಮೊದಲು ನಿಲ್ಲಿಸುವವರು ನಾವೇ.

ಇನ್ನು ಆ ಕನ್ನಡಿಯ ಮಾತು. ಜರ್ಮನ್ ಭಾಷೆಯಲ್ಲಿ ರಾಣಿ ಕೇಳುವುದು 'ಶ್ಯೋನ್' ಯಾರು ಎಂದು. ಅಂದರೆ ಚೆಲುವೆ ಯಾರು. ಇಂಗ್ಲಿಷಿಗೆ ಬರುವಾಗ ಅದು 'ಫೇರ್' ಆಯಿತು. ಇಂಗ್ಲಿಷಿನ ಆ ಶಬ್ದಕ್ಕೆ ಚೆಲುವು ಅನ್ನುವ ಅರ್ಥವೂ ಉಂಟು, ಬೆಳ್ಳಗಿನ ಮೈ ಅನ್ನುವ ಅರ್ಥವೂ ಉಂಟು. ಎರಡು ಬೇರೆ ಮಾತು ಒಂದೇ ಶಬ್ದದೊಳಗೆ ಬೆರೆತವು. ನಮ್ಮ ಮನೆಗಳಿಗೆ ಅದೇ ಶಬ್ದ ಕ್ರೀಮಿನ ಟ್ಯೂಬಿನ ಮೇಲೆ ಬಂತು. 1975ರಲ್ಲಿ ಬಂದ ಫೇರ್ ಅಂಡ್ ಲವ್ಲಿ 2020ರಲ್ಲಿ ಹೆಸರು ಬದಲಿಸಿ ಗ್ಲೋ ಅಂಡ್ ಲವ್ಲಿ ಆಯಿತು. ಕಂಪನಿ ಆ ಮಾತು ಬಿಟ್ಟಿತು, ನಮ್ಮ ಸ್ಟೇಜು ಇನ್ನೂ ಬಿಟ್ಟಿಲ್ಲ.

ಕನ್ನಡದಲ್ಲಿ ಚೆಲುವು ಬೇರೆ, ಬಿಳುಪು ಬೇರೆ. ಚಂದ, ಸೊಗಸು, ಲಕ್ಷಣ, ಕಳೆ, ಯಾವ ಮಾತಿನಲ್ಲೂ ಬಣ್ಣ ಇಲ್ಲ. ಮುಖದಾಗ ಕಳೆ ಅದ ಅಂದರೆ ಅದು ಒಳಗಿನಿಂದ ಬಂದದ್ದು. ಇಷ್ಟು ಒಳ್ಳೆ ಮಾತುಗಳನ್ನು ಇಟ್ಟುಕೊಂಡು ನಾವು ಹೆಣ್ಣು ನೋಡಿ ಬಂದ ಮೇಲೆ ಏನು ಹೇಳುತ್ತೇವೆ? "ಕರ್ರಗಿದ್ರೂ ಲಕ್ಷಣ ಅದಾಳ." ಆ 'ರೂ' ಇದೆಯಲ್ಲ, ಅದೊಂದು ಅಕ್ಷರದ ಮುಳ್ಳು. ಇಪ್ಪತ್ತೆರಡು ವರ್ಷದಲ್ಲಿ ಗ್ರೀನ್ ರೂಮಿನೊಳಗೆ ಅದನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕ ಇಲ್ಲ. ಕೇಳಿಸಿಕೊಂಡ ಮಕ್ಕಳ ಕಣ್ಣು ಒಂದು ಕ್ಷಣ ನೆಲಕ್ಕೆ ಇಳಿಯುವುದು ನನಗೆ ಗೊತ್ತು, ಅವರ ಗಲ್ಲ ನನ್ನ ಬೆರಳಲ್ಲೇ ಇರುತ್ತದೆ.

ಸಿಂಡ್ರೆಲಾ ಕತೆಯಲ್ಲಿ ಆಗಿರುವುದು ಇನ್ನೂ ಸ್ಪಷ್ಟ. ನಿಮ್ಮ ನಾಟಕದಲ್ಲಿ ಇಬ್ಬರು ಮಲಅಕ್ಕಂದಿರ ಪಾತ್ರಕ್ಕೆ ಯಾರನ್ನು ಆರಿಸುತ್ತೀರಿ? ದಪ್ಪಗಿದ್ದವಳು, ಹಲ್ಲು ಮುಂದೆ ಬಂದವಳು, ಕರ್ರಗಿದ್ದವಳು. ನನಗೆ ಹೇಳುವುದು, "ಇವರಿಗಿ ಸ್ವಲ್ಪ ಕೆಟ್ಟ ಕಾಣಂಗ ಮೇಕಪ್ ಮಾಡ್ರಿ." ಗ್ರಿಮ್ ಕತೆಯಲ್ಲಿ ಆ ಅಕ್ಕಂದಿರು ಕುರೂಪಿಗಳಲ್ಲ. ಮುಖ ಬೆಳ್ಳಗೆ, ಚಂದ, ಎದೆ ಮಾತ್ರ ಹೊಲಸು ಮತ್ತು ಕಪ್ಪು ಎಂದು ಬರೆದಿದೆ. ಕೆಟ್ಟದ್ದಕ್ಕೆ ಕಪ್ಪು ಅನ್ನುವ ಚಟ ಅಲ್ಲೂ ಇದೆ, ಅದು ನನಗೆ ಒಪ್ಪಿಗೆ ಇಲ್ಲ. ಆದರೆ ಬೆಳ್ಳಗಿನ ಚಂದದ ಮುಖದ ಹಿಂದೆ ಹೊಟ್ಟೆಕಿಚ್ಚು ಇರಬಹುದು ಅನ್ನುವ ತಿಳಿವಳಿಕೆ ಕತೆಗೆ ಇತ್ತು. 1950ರ ಸಿನಿಮಾ ಅವರಿಗೆ ದೊಡ್ಡ ಮೂಗು, ದೊಡ್ಡ ಪಾದ ಬರೆದು ಆ ತಿಳಿವಳಿಕೆ ಅಳಿಸಿ ಹಾಕಿತು. ಮುಖ ನೋಡಿಯೇ ಗುಣ ಹೇಳಬಹುದು ಎಂದು ಮಕ್ಕಳಿಗೆ ಕಲಿಸಿತು. ಗಾಜಿನ ಚಪ್ಪಲಿ ಬಂದದ್ದು ಫ್ರಾನ್ಸಿನ ಪೆರೋ 1697ರಲ್ಲಿ ಬರೆದ ಕತೆಯಿಂದ. ಗ್ರಿಮ್‌ರಲ್ಲಿ ಬಂಗಾರದ ಚಪ್ಪಲಿ. ಅದು ಹಿಡಿಸಲಿ ಎಂದು ತಾಯಿಯೇ ಚೂರಿ ಕೊಡುತ್ತಾಳೆ, ಒಬ್ಬಳು ಹೆಬ್ಬೆರಳು ಕತ್ತರಿಸಿಕೊಳ್ಳುತ್ತಾಳೆ, ಇನ್ನೊಬ್ಬಳು ಹಿಮ್ಮಡಿ. ರಕ್ತ ಸೋರುತ್ತದೆ. ಅಳತೆಗೆ ಮೈ ಕತ್ತರಿಸಿಕೊಂಡರೆ ಏನಾಗುತ್ತದೆ ಎಂದು ಕತೆ ಹೇಳಿಯೇ ಬಿಟ್ಟಿದೆ. ದರ್ಜಿ ಕೆಲಸದಲ್ಲಿ ನಾವು ಮೈ ಅಳತೆಗೆ ಬಟ್ಟೆ ಕತ್ತರಿಸುತ್ತೇವೆ, ಅದರ ಉಲ್ಟಾ ಮಾಡುವುದಿಲ್ಲ.

ಕತೆಯಲ್ಲಿ ಇದ್ದ ಹಾಗೇ ಇರಬೇಕು ಅನ್ನುವವರಿಗೆ ಇನ್ನೊಂದು ಮಾತು. ಡೆನ್ಮಾರ್ಕಿನ ಆಂಡರ್ಸನ್ 1837ರಲ್ಲಿ ಬರೆದ ಮತ್ಸ್ಯಕನ್ಯೆಯ ಕತೆಯಲ್ಲಿ ಆ ಹುಡುಗಿ ನಾಲಿಗೆ ಕೊಟ್ಟು ಕಾಲು ಪಡೆಯುತ್ತಾಳೆ, ಇಟ್ಟ ಹೆಜ್ಜೆ ಹೆಜ್ಜೆಗೂ ಚೂರಿಯ ಮೇಲೆ ನಡೆದಷ್ಟು ನೋವು, ಕೊನೆಗೆ ರಾಜಕುಮಾರ ಬೇರೆಯವಳನ್ನು ಮದುವೆ ಆಗುತ್ತಾನೆ, ಇವಳು ಕಡಲ ನೊರೆಯಾಗಿ ಕರಗಿ ಗಾಳಿಯ ಮಗಳಾಗುತ್ತಾಳೆ. 1989ರ ಸಿನಿಮಾ ಅದೇ ರಾಜಕುಮಾರನ ಜೊತೆ ಮದುವೆ ಮಾಡಿಸಿ ಸುಖಾಂತ ಮಾಡಿತು. ಕತೆಯ ಜೀವವನ್ನೇ ಬದಲಿಸಿದರೂ ಜನ ಮೆಚ್ಚಿ ನೋಡಿದರು. 2023ರಲ್ಲಿ ಕಪ್ಪು ವರ್ಣದ ನಟಿ ಹ್ಯಾಲಿ ಬೈಲಿ ಅದೇ ಪಾತ್ರ ಮಾಡಿದಾಗ ಮಾತ್ರ ಜಗತ್ತಿನ ತುಂಬ ಗದ್ದಲ ಎದ್ದಿತು, ಇದು ಮೂಲ ಕತೆಗೆ ದ್ರೋಹ ಎಂದು. ಕೊನೆ ಬದಲಿಸಿದಾಗ ದ್ರೋಹ ಅನ್ನಿಸಲಿಲ್ಲ, ಬಣ್ಣ ಬದಲಾದಾಗ ಅನ್ನಿಸಿತು. ಮತ್ತೆ, 2009ರಲ್ಲಿ ಡಿಸ್ನಿಯವರು ಮೊದಲ ಸಲ ಕಪ್ಪು ವರ್ಣದ ರಾಜಕುಮಾರಿಯನ್ನು ತಂದರು. ಆ ಹುಡುಗಿ ಸಿನಿಮಾದ ಬಹುಪಾಲು ಹೊತ್ತು ಕಪ್ಪೆಯಾಗಿಯೇ ಇರುತ್ತಾಳೆ. ಅದನ್ನು ನೋಡುವಾಗ ನನಗೆ ರಟ್ಟಿನ ಹಿಂದೆ ನಿಂತ ನಮ್ಮ ಹುಡುಗಿಯೇ ಕಣ್ಣಿಗೆ ಬಂದಳು.

2025ರ ಹೊಸ ಸ್ನೋ ವೈಟ್ ಸಿನಿಮಾದಲ್ಲಿ ಆ ಹೆಸರಿಗೆ ಬೇರೆ ಕಾರಣ ಕೊಟ್ಟಿದ್ದಾರೆ: ಹಿಮದ ಬಿರುಗಾಳಿಯಲ್ಲಿ ಉಳಿದು ಬಂದ ಕೂಸು, ಅದಕ್ಕೆ ಆ ಹೆಸರು. ಹೆಸರಿಗೆ ಕಾರಣ ಚರ್ಮದಲ್ಲೇ ಹುಡುಕಬೇಕಿಲ್ಲ. ನಮ್ಮಲ್ಲಿ ಬರಗಾಲದ ವರ್ಷ ಹುಟ್ಟಿದವರಿಗೂ ಮಳೆಯ ದಿನ ಹುಟ್ಟಿದವರಿಗೂ ಹಾಗೆಯೇ ಹೆಸರಿಡುತ್ತಾರೆ.

ಪರದೇಶದ ಕತೆಯ ಮೇಲೆ ಎಲ್ಲ ತಪ್ಪು ಹೊರಿಸಿ ನಾವು ಕೈ ತೊಳೆದುಕೊಳ್ಳಲು ಬರುವುದಿಲ್ಲ. ಕೃಷ್ಣ ಅಂದರೇನೇ ಕಪ್ಪು. ದ್ರೌಪದಿಯ ಇನ್ನೊಂದು ಹೆಸರು ಕೃಷ್ಣೆ, ಮೈಬಣ್ಣದಿಂದ ಬಂದದ್ದು. ನನ್ನ ಅಂಗಡಿಗೆ ಬರುವ ಕೃಷ್ಣಂದಿರು ಹೇಗಿರುತ್ತಾರೆ? ಕ್ಲಾಸಿನಲ್ಲಿ ಎಲ್ಲಕ್ಕಿಂತ ಕೆಂಪಗಿರುವ ಹುಡುಗನನ್ನು ಆರಿಸಿ, ನನ್ನಿಂದ ನೀಲಿ ಬಳಿಸುತ್ತೀರಿ. ಪಕ್ಕದಲ್ಲೇ ಕೃಷ್ಣನ ಬಣ್ಣದವನೇ ಒಬ್ಬ, ಕೈಯಲ್ಲಿ ಕಂಸನ ಮೀಸೆ ಹಿಡಿದು ನಿಂತಿರುತ್ತಾನೆ. ದ್ರೌಪದಿಗೂ ಸೀತೆಗೂ ನನ್ನ ಡಬ್ಬಿಯ ಬಿಳಿ, ಶೂರ್ಪನಖಿಗೆ ಇದ್ದಿಲು.

ಎಲ್ಲಕ್ಕಿಂತ ನನಗೆ ತಡೆಯಲಾಗದ್ದು ಬಸವ ಜಯಂತಿಯ ದಿನದ್ದು. ಬಸವಕಲ್ಯಾಣ ನಮ್ಮ ಜಿಲ್ಲೆಯಲ್ಲೇ ಇದೆ. ಅಕ್ಕಮಹಾದೇವಿ ಹುಡುಕಿಕೊಂಡು ಬಂದ ಕಲ್ಯಾಣ ಅದು. ಆ ದಿನ ನನ್ನ ಅಂಗಡಿಯ ಉದ್ದ ಜಡೆಗಳೆಲ್ಲ ಅಕ್ಕನ ಪಾತ್ರಕ್ಕೇ ಹೋಗುತ್ತವೆ. ಒಂದು ವರ್ಷ ಒಬ್ಬ ಹುಡುಗಿಗೆ ನಾನೇ ಎರಡು ಕೋಟು ಬಿಳಿ ಹಚ್ಚಿ ಕಳಿಸಿದೆ. ಅವಳು ಮೈಕಿನ ಮುಂದೆ ನಿಂತು ಕೈ ಮುಗಿದು ಹೇಳಿದ ವಚನ ಇದು: "ಕಾಯ ಕರ್ರನೆ ಕಂದಿದಡೇನಯ್ಯಾ? ಕಾಯ ಮಿರ್ರನೆ ಮಿಂಚಿದಡೇನಯ್ಯಾ?" ಸ್ಟೇಜಿನ ಬಗಲಿಗೆ ನಿಂತಿದ್ದ ನನ್ನ ಕೈಯಲ್ಲಿ ಪಫ್ ಇತ್ತು. ಎಂಟು ನೂರು ವರ್ಷಕ್ಕಿಂತ ಮುಂಚೆ ಒಬ್ಬ ಹೆಣ್ಣುಮಗಳು ಇಷ್ಟು ನೇರವಾಗಿ ಕೇಳಿದ ಪ್ರಶ್ನೆಯನ್ನು, ಅದೇ ಪ್ರಶ್ನೆ ಹೇಳುವ ಬಾಯಿಯ ಸುತ್ತ ಬಿಳಿ ಮೆತ್ತಿ ನಾನು ಕಳಿಸಿದ್ದೆ. ಕೆಳಗೆ ಕೂತ ಎಲ್ಲರೂ ಚಪ್ಪಾಳೆ ತಟ್ಟಿದರು.

ನನ್ನ ಅಂಗಡಿಯ ಗೋಡೆಗೆ ಹೊಂದಿಕೊಂಡು ಒಂದು ಬಿದರಿ ಕಾರ್ಖಾನೆ ಇದೆ. ಕಾರ್ಖಾನೆ ಅಂದರೆ ಒಂದು ಕೋಣೆ, ನಾಲ್ಕು ಮಂದಿ, ಒಂದು ಭಟ್ಟಿ. ಅಲ್ಲಿಯ ಹಿರಿಯರನ್ನು ನಾನು ಚಾಚಾ ಅನ್ನುತ್ತೇನೆ. ಒಮ್ಮೆ ನನ್ನ ಡಬ್ಬಿ ನೋಡಿ ಇದೇನು ಅಂತ ಕೇಳಿದರು. ಜಿಂಕ್ ಪೌಡರ್ ಅಂದೆ. "ಜಿಂಕ್? ನಮ್ದೂ ಜಿಂಕೇ ಅದಲ್ಲವ್ವ" ಅಂದರು. ಖರೇನೇ. ಬಿದರಿಯ ಎರಕದಲ್ಲಿ ಬಹುಪಾಲು ಜಿಂಕ್, ಸ್ವಲ್ಪ ತಾಮ್ರ. ಅವತ್ತು ಅವರ ಪಕ್ಕ ಕೂತು ನೋಡಿದೆ. ಒಂದು ಸಣ್ಣ ಹೂಜಿ. ಉಳಿಯಿಂದ ಬಳ್ಳಿ ಕೊರೆದು, ಕೊರೆದಲ್ಲಿ ಬೆಳ್ಳಿ ತಂತಿ ಕೂಡಿಸಿ, ಸುತ್ತಿಗೆಯಿಂದ ತಟ್ಟಿ, ಉಜ್ಜಿ ನುಣುಪು ಮಾಡಿ ಇಟ್ಟಿದ್ದರು. ನಾನು ಕೈಯಲ್ಲಿ ಹಿಡಿದು ತಿರುವಿ ನೋಡಿದರೂ ಬಳ್ಳಿ ಸರಿಯಾಗಿ ಕಾಣಲಿಲ್ಲ. ಜಿಂಕಿನ ಮೈಯೂ ಬೂದು ಬಿಳಿ, ಬೆಳ್ಳಿಯೂ ಬಿಳಿ, ಒಂದರೊಳಗೊಂದು ಕಳೆದುಹೋಗಿದ್ದವು. ಅಷ್ಟು ದಿನದ ಕೆಲಸ, ಕಣ್ಣಿಗೇ ಕಾಣದು. ಆಮೇಲೆ ಚಾಚಾ ಕೋಟೆಯ ಹಳೇ ಗೋಡೆಯೊಳಗಿನ ಮಣ್ಣು ತೆಗೆದರು, ಮಳೆ ಬಿಸಿಲು ತಾಗದ ಜಾಗದ್ದು. ಒಂದು ಚಿಟಿಕೆ ನಾಲಿಗೆಯ ಮೇಲಿಟ್ಟು ನೋಡಿ, ಸರಿ ಅದ ಅಂದರು. ಅದಕ್ಕೆ ನವಸಾಗರ ಹಾಕಿ ನೀರಲ್ಲಿ ಕಲಸಿ, ಹೂಜಿ ಬಿಸಿ ಮಾಡಿ, ಆ ಕೆಸರು ಹಾಕಿ ತಿಕ್ಕಿದರು. ನೋಡ ನೋಡುತ್ತ ಮೈ ಪೂರ್ತಿ ಕಪ್ಪಾಯಿತು. ಬೆಳ್ಳಿಗೆ ಏನೂ ಆಗಲಿಲ್ಲ. ತೊಳೆದು ಎಣ್ಣೆ ಕೈಯಿಂದ ಒರೆಸಿದಾಗ ಬಳ್ಳಿಯ ಒಂದೊಂದು ಎಲೆಯೂ ಎದ್ದು ನಿಂತಿತು. 2006ರಲ್ಲಿ ಭೌಗೋಳಿಕ ಗುರುತು ಸಿಕ್ಕ ಕಲೆ ಇದು, ಬಂದ ಮಂತ್ರಿಗಳಿಗೆಲ್ಲ ನಾವು ಕೊಡುವ ಕಾಣಿಕೆ. ಅದೇ ಜಿಂಕನ್ನು ಗೋಡೆಯ ಆ ಕಡೆ ಚಾಚಾ ಕಪ್ಪು ಮಾಡಿ ಮಾರುತ್ತಾರೆ, ಈ ಕಡೆ ನಾನು ಬಿಳಿ ಪುಡಿಯಾಗಿ ಮಕ್ಕಳ ಮುಖಕ್ಕೆ ಬಳಿಯುತ್ತೇನೆ. ಆವತ್ತು ಅಂಗಡಿಗೆ ವಾಪಸ್ ಬಂದು ಡಬ್ಬಿಯ ಮುಚ್ಚಳ ಹಾಕಿದವಳು, ಮತ್ತೆ ತೆಗೆಯಲು ಮನಸ್ಸು ಬರಲಿಲ್ಲ.

ಹಾಗಾದರೆ ಸ್ಟೇಜಿನ ಮೇಲೆ ಯಾವ ಕತೆ ತರಬೇಕು ಎಂದು ನೀವು ಕೇಳಿದರೆ, ನನ್ನ ಮನಸ್ಸಿನಲ್ಲಿರುವುದು ಹಂಚಿಯ ಕತೆ. ಎ.ಕೆ. ರಾಮಾನುಜನ್ ಕನ್ನಡದ ಅಜ್ಜಿಯರ ಬಾಯಿಂದ ಕೇಳಿ ಬರೆದಿಟ್ಟ ಕತೆಗಳಲ್ಲಿ ಇದೂ ಒಂದು. ಕನ್ನಡದ ಸಿಂಡ್ರೆಲಾ ಎಂದೇ ಅವರು ಇದನ್ನು ಕರೆದರು. ಹುಡುಗಿಗೆ ಬಂಗಾರದ ಕೂದಲು. ಆ ಚೆಲುವಿನಿಂದಲೇ ಅವಳಿಗೆ ಆಪತ್ತು, ಅದೂ ಒಡಹುಟ್ಟಿದ ಅಣ್ಣನಿಂದ. ತಾಯಿ ಮಣ್ಣಿನ ಮುಖವಾಡ ಮಾಡಿಸಿ ಮಗಳ ಮುಖ ಮುಚ್ಚಿ, ಹೋಗಿ ಬದುಕಿಕೋ ಎಂದು ಕಳಿಸುತ್ತಾಳೆ. ಹಂಚಿನ ಮುಖದವಳು, ಅದಕ್ಕೆ ಹಂಚಿ. ನಮ್ಮ ಮನೆಗಳಲ್ಲಿ ರೊಟ್ಟಿ ಬೇಯುವುದೂ ಹಂಚಿನ ಮೇಲೆಯೇ, ಒಲೆಯ ಮಸಿ ಹಿಡಿದ ಕರೀ ಹಂಚು. ಆ ಮುಖ ಹೊತ್ತುಕೊಂಡೇ ಅವಳು ಸಾವುಕಾರನ ಮನೆಯಲ್ಲಿ ದುಡಿಯುತ್ತಾಳೆ. ಬಂಗಾರದ ಕೂದಲೇ ಯಾಕೆ, ಕರೀ ಕೂದಲು ಚೆಲುವಲ್ಲವಾ ಎಂದು ನೀವು ಕೇಳಿದರೆ ಅದು ನ್ಯಾಯದ ಪ್ರಶ್ನೆಯೇ. ನಮ್ಮ ಕತೆಗೂ ಹೊಳಪಿನ ಮೋಹ ಇದೆ. ಆದರೂ ತಾಯಿಯ ಕೆಲಸ ನೋಡಿ. ಆ ದೂರದ ರಾಣಿ ಕನ್ನಡಿ ಹಿಡಿದಳು, ನಮ್ಮವಳು ಮಗಳು ಉಳಿಯಲಿ ಎಂದು ಮಣ್ಣು ಹಿಡಿದಳು. ಈ ನಾಟಕದಲ್ಲಿ ನಾಯಕಿಯ ಮುಖ ಬಹಳ ಹೊತ್ತು ಮಣ್ಣಿನೊಳಗೇ ಇರುತ್ತದೆ. ಹುಡುಗಿಯನ್ನು ದನಿ ಕೇಳಿಯೇ ಆರಿಸಬೇಕಾಗುತ್ತದೆ.

ಇನ್ನೊಂದು, ಹೂ ಬಿಡುವ ಮರವಾಗುವ ಹುಡುಗಿಯ ಕತೆ. ಅದೂ ರಾಮಾನುಜನ್ ಸಂಗ್ರಹದ್ದೇ. ಗಿರೀಶ ಕಾರ್ನಾಡರು 1992ರಲ್ಲಿ 'ಚೆಲುವಿ' ಎಂದು ಸಿನಿಮಾ ಮಾಡಿದರು. ಅಲ್ಲಿ ಚೆಲುವು ಅಂದರೆ ಹೂವಾಗುವ ಶಕ್ತಿ. ಕೊಂಬೆ ಮುರಿಯುವವರ ಕೈಗೆ ಸಿಕ್ಕರೆ ಅದಕ್ಕೆ ಏನಾಗುತ್ತದೆ ಅನ್ನುವುದೇ ಕತೆ. ದೊಡ್ಡ ಮಕ್ಕಳಿಗೆ ಅದನ್ನು ಕೊಡಬಹುದು.

ಸ್ನೋ ವೈಟ್ ಬೇಡವೇ ಬೇಡ ಎಂದು ನಾನು ಹೇಳುತ್ತಿಲ್ಲ. ಒಳ್ಳೆ ಕತೆ ಅದು, ಮಾಡಿ. ನನ್ನ ವಿನಂತಿ ಇಷ್ಟೇ. ಪಾತ್ರ ಹಂಚುವ ದಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಮುಖ ನೋಡಿ ಕೈ ತೋರಿಸಬೇಡಿ. ಎಲ್ಲರಿಂದಲೂ ಎರಡು ಸಾಲು ಓದಿಸಿ, ಬೇಕಾದರೆ ನೀವು ಗೋಡೆಯ ಕಡೆ ತಿರುಗಿ ಕೂತು ಕೇಳಿ. ಮಲಅಕ್ಕನ ಪಾತ್ರಕ್ಕೆ ಕ್ಲಾಸಿನ ಚಂದದ ಹುಡುಗಿಯನ್ನು ಹಾಕಿ ನೋಡಿ, ನಾಟಕ ಇನ್ನೂ ರಂಗೇರುತ್ತದೆ. ಪ್ರತಿಭಾ ಕಾರಂಜಿಯಲ್ಲಿ ಛದ್ಮವೇಷಕ್ಕೆ ಅಂಕ ಹಾಕುವ ಗುರುಗಳೇ, ಸುಣ್ಣ ಬಳಿದ ಹಾಗೆ ಬಂದ ಅಕ್ಕಮಹಾದೇವಿಗೂ ಕಿತ್ತೂರ ಚೆನ್ನಮ್ಮಗೂ ಆ ಬಿಳಿಯ ಮೇಲೆ ಅಂಕ ಕೊಡಬೇಡಿ. ನೀವು ಒಂದು ವರ್ಷ ಕೊಡದಿದ್ದರೆ ಮರುವರ್ಷ ನನ್ನಂಥವರಿಗೆ ಬಿಳಿ ಕೇಳುವವರೇ ಇರುವುದಿಲ್ಲ.

ನನ್ನ ಕಡೆಯಿಂದ ನಾನು ಮಾಡುವುದನ್ನೂ ಹೇಳುತ್ತೇನೆ. ಈ ಸೀಜನ್‌ನಿಂದ ನನ್ನ ಟ್ರಂಕಿನಲ್ಲಿ ಜಿಂಕ್ ಪೌಡರ್ ಇರುವುದಿಲ್ಲ. ಹೈದರಾಬಾದಿಗೆ ಹೋಗಿ ನಮ್ಮ ಮಕ್ಕಳ ಬಣ್ಣಕ್ಕೆ ಒಪ್ಪುವ ಆರು ಶೇಡಿನ ಪ್ಯಾನ್ ಕೇಕ್ ತಂದಿದ್ದೇನೆ. ಅವು ದುಬಾರಿ, ಆದರೆ ಬಾಡಿಗೆ ಏರಿಸುವುದಿಲ್ಲ. ಬಿಳಿಯೇ ಬೇಕು ಅನ್ನುವ ಶಾಲೆ ಬೇರೆಯವರನ್ನು ಕರೆಸಿಕೊಳ್ಳಬಹುದು, ನನಗೆ ಬೇಜಾರಿಲ್ಲ. ಕೃಷ್ಣನ ನೀಲಿ ಡಬ್ಬಿಯನ್ನೂ ಮನೆಯಲ್ಲೇ ಬಿಟ್ಟು ಬರುತ್ತೇನೆ. ಸ್ನೋ ವೈಟಿಗೆ ಹಳದಿ ಲಂಗದ ಜೊತೆ ಇನ್ನೂ ಮೂರು ಡ್ರೆಸ್ ಹೊಲಿದಿಟ್ಟಿದ್ದೇನೆ, ಅದರಲ್ಲಿ ಒಂದು ಇಳಕಲ್ ಸೀರೆಯದು, ಕರಿ ಮೈ ಕೆಂಪು ಸೆರಗು.

ಹಂಚಿ ನಾಟಕ ಮಾಡುವ ಶಾಲೆಗೆ ಡ್ರೆಸ್ ಬಾಡಿಗೆ ಬೇಡ. ಮುಖವಾಡಕ್ಕೆ ನಮ್ಮ ಕುಂಬಾರರಿಗೆ ಹೇಳಿಟ್ಟಿದ್ದೇನೆ. ಮಕ್ಕಳ ಮುಖಕ್ಕೆ ಭಾರ ಆಗದ ಹಾಗೆ ತೆಳ್ಳಗೆ ತಟ್ಟಬೇಕು, ಉಸಿರಿಗೆ ತೂತು ದೊಡ್ಡದಿರಬೇಕು. ಮೊದಲಿನ ಎರಡು ಸುಡುವಾಗ ಸೀಳಿದವು, ಮೂರನೆಯದು ಚೆನ್ನಾಗಿ ಬಂದಿದೆ. ದೀಪಾವಳಿ ಹಣತೆಯ ಗಡಿಬಿಡಿ ಮುಗಿದ ಮೇಲೆ ಅವರ ಭಟ್ಟಿ ಖಾಲಿ ಇರುತ್ತದೆ. ಪಾತ್ರ ಮಾಡುವ ಹುಡುಗಿಯನ್ನು ಕರಕೊಂಡು ಬನ್ನಿ, ಅವಳ ಮುಖದ ಅಳತೆ ಬೇಕು.

ಇತಿ ನಿಮ್ಮ,
ಡ್ರೆಸ್ ಅಂಗಡಿಯ ಮೌಶಿ
ಹಳೇ ಊರು, ಬೀದರ